ಮಗಳು ಮಾಡಿದ ಕುರಿಮರಿ

ಆಟವೆಂದರೆ ಗೆಲ್ಲಬೇಕು, ಇಲ್ಲವೇ ಸೋತು ಜಗಳವಾಡಬೇಕು ಎಂದು ನಂಬಿ ಬೆಳೆದವನು ನಾನು. ಅಳುವುದಕ್ಕೆ ಟೀವಿ ಧಾರಾವಾಹಿಗಳಿವೆಯಲ್ಲ! ಆದರೆ ನನ್ನ ಮಗಳು ಭೂಮಿಕಾ ಇಬ್ಬರು ಗೆಳತಿಯರ ಜೊತೆ ರಾಜರಾಜೇಶ್ವರಿನಗರದ ಒಂದು ರೂಮಿನಲ್ಲಿ ಕೂತು, ಒಂದೂವರೆ ವರ್ಷದಿಂದ ಜನರನ್ನು ಅಳಿಸುವ ವಿಡಿಯೋ ಗೇಮ್ ಮಾಡುತ್ತಿದ್ದಳು.

"ಇದು ಕಲೆ ಅಪ್ಪ. ಆಡಿದವರ ಕರುಳು ಕಿವುಚಬೇಕು."

"ಅದಕ್ಕೆ ನಮ್ಮ ಹೇರೋಹಳ್ಳಿ ರೋಡಿನ ಹಳ್ಳಗಳು ಸಾಕಲ್ವೇನೇ?" ಎಂದೆ.

ಅವಳು ನಗಲಿಲ್ಲ. ಕಳೆದ ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟು, "ಮೊದಲು ನೀನೇ ಆಡು" ಎಂದಳು.

ಗುಂಡಿಲ್ಲ, ಓಟವಿಲ್ಲ. ಒಂದು ಹಿತ್ತಲು, ಒಂದು ಕುರಿಮರಿ. ಸೊಪ್ಪು ಹಾಕಬೇಕು, ಮೈ ತೊಳೆಯಬೇಕು, ಕಿವಿ ತುರಿಸಬೇಕು. ಕಿವಿ ತುರಿಸಿದರೆ ಅದು ಕಣ್ಣು ಮುಚ್ಚಿ ತಲೆ ಮುಂದಕ್ಕೆ ಚಾಚುತ್ತಿತ್ತು. ಹೆಸರಿಡು ಎಂದಿತು ಗೇಮು, 'ಚಿನ್ನು' ಎಂದಿಟ್ಟೆ. ಅಲ್ಲೇ ಕೆಟ್ಟೆ. ಗೇಮಿನ ಹತ್ತನೆಯ ದಿನ ಪರದೆಯ ಮೇಲೆ ಒಂದೇ ಸಾಲು ಬಂತು: 'ನಾಳೆ ನೆಂಟರು ಬರ್ತಾರೆ.' ಕೆಳಗೆ ಒಂದೇ ಗುಂಡಿ: 'ಸರಿ.' ಬೇರೆ ದಾರಿಗಾಗಿ ಗೋಡೆ, ಬಾಗಿಲು, ನುಗ್ಗೆಮರ ಎಲ್ಲವನ್ನೂ ಒತ್ತಿ ನೋಡಿದೆ. ಚಿನ್ನು ಮಾತ್ರ, ನಾನು ಕಿವಿ ತುರಿಸಲು ಬಂದೆನೆಂದು ತಿಳಿದು ಕಣ್ಣು ಮುಚ್ಚಿ ತಲೆ ಚಾಚಿತು.

ಲ್ಯಾಪ್‌ಟಾಪ್ ಧಪ್ಪನೆ ಮುಚ್ಚಿ ಪಂಚೆಯಲ್ಲಿ ಮುಖ ಒರೆಸಿಕೊಂಡೆ. ಮಗಳು ಆಗಲೇ ಗೆಳತಿಗೆ ಫೋನ್ ಮಾಡಿದ್ದಳು: "ಮಚ್ಚಾ, ನಮ್ಮಪ್ಪ ಅತ್ಬಿಟ್ರು ಕಣೇ! ವರ್ಕ್ ಆಗ್ತಿದೆ!" ಇಪ್ಪತ್ತಾರು ವರ್ಷಗಳಲ್ಲಿ ನನ್ನಿಂದ ಅವಳಿಗೆ ಇಷ್ಟು ಸಂತೋಷ ಸಿಕ್ಕಿದ್ದು ಅದೇ ಮೊದಲು.

ಅಷ್ಟರಲ್ಲಿ ನನ್ನ ಹೆಂಡತಿ ಪ್ರಮೀಳ ಕೈಗೆ ಚೀಲ ಕೊಟ್ಟಳು. "ರೀ, ಹನ್ನೊಂದಾಯ್ತು. ಮಹಾಲಕ್ಷ್ಮಿ ಲೇಔಟಿಂದ ಅಣ್ಣ ಊಟಕ್ಕೆ ಬರ್ತಾನೆ. ಬೇಗ ಮಟನ್ ತನ್ನಿ."

ಹುಟ್ಟಿದಾಗಿನಿಂದ ಮಟನ್ ಇಲ್ಲದ ಭಾನುವಾರ ಕಂಡವನಲ್ಲ ನಾನು. ಆದರೂ ಅಂಗಡಿಯವನು, "ತೊಡೆ ಕೊಡ್ಲಾ ಸಾರ್?" ಎಂದಾಗ ಚೀಲ ಮಡಚಿಕೊಂಡು ಹಿಂದಕ್ಕೆ ಸರಿದೆ. ಪಕ್ಕದ ಅಂಗಡಿಯಿಂದ ಎರಡು ಹೂಕೋಸು ಹಿಡಿದು ಮನೆಗೆ ಬಂದೆ.

"ಇದೇನ್ರೀ?"

"ಕಲೆ," ಎಂದೆ.

"ಅಣ್ಣಂಗೆ ಕಲೆ ಬಡಿಸ್ಲಾ?" ಎಂದು ಹೂಕೋಸನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ತಾನೇ ಹೊರಟಳು.

ಎರಡು ಗಂಟೆಗೆ ಎಲೆ ಹಾಕಿದರು. ನಾನು ಮೊಸರನ್ನದ ಮುಂದೆ ವ್ರತಸ್ಥನಂತೆ ಕೂತೆ. "ಮೈಗೆ ಹುಷಾರಿಲ್ವಾ ಭಾವ?" ಎಂದ ಪ್ರಮೀಳಳ ಅಣ್ಣ. ಕುರಿಯನ್ನು ಸೃಷ್ಟಿಸಿದವಳು ಮಾತ್ರ ಎರಡನೆಯ ಮುದ್ದೆಗೆ ಕೈ ಹಾಕಿದ್ದಳು. ಸಾರಿನ ಘಮ ಮೂಗಿಗೆ ಬಡಿಯುತ್ತಿತ್ತು. ಪ್ರಮೀಳ, "ಬರೀ ಸಾರು ಹಾಕ್ತೀನಿ ತಗೊಳ್ಳಿ" ಎಂದಳು. ಸಾರಿನ ಜೊತೆ ಒಂದು ತುಂಡು ಜಾರಿ ಬಂತು. ಬಂದದ್ದನ್ನು ಅವಮಾನಿಸಬಾರದಲ್ಲ! ಆಮೇಲೆ ಜಾರಿದ್ದಕ್ಕೆಲ್ಲ ನಾನೇ ಎಲೆ ಮುಂದೆ ಮಾಡಿದೆ.

ಊಟದ ನಡುವೆಯೇ ಭೂಮಿಕಾ ಎಡಗೈಯಲ್ಲಿ ಮೊಬೈಲ್ ಹಿಡಿದು ಗಂಭೀರವಾಗಿ ಕೇಳಿದಳು: "ಅಪ್ಪ, ನಮ್ಮ ಗೇಮಿನ ಎಫೆಕ್ಟ್ ನಿನ್ಮೇಲೆ ಎಷ್ಟು ಹೊತ್ತು ಇತ್ತು? ಬರ್ಕೋಬೇಕು."

ಬಾಯಲ್ಲಿ ನಲ್ಲಿಮೂಳೆ ಇದ್ದುದರಿಂದ ಮಾತಾಡಲಾಗಲಿಲ್ಲ. ಬೆರಳೆತ್ತಿ ತೋರಿಸಿದೆ: ಮೂರು ಗಂಟೆ.