ಅಲ್ಪಪ್ರಾಣದ ಹುಲಿ

ಮುಂಬಯಿಯ ಸುತ್ತಮುತ್ತ, ಕಾರಿನಲ್ಲಿ ಹೋಗಿ ಸಂಜೆಗೆ ತಿರುಗಿ ಬರುವಷ್ಟು ದೂರದಲ್ಲಿ, ಎಲ್ಲೆಲ್ಲಿ ಹೂದೋಟಗಳಿವೆ ಎಂಬುದು ನಮ್ಮ ಕಾಕಾಗೆ ತಿಳಿದಷ್ಟು ಆ ಕಾಲದಲ್ಲಿ ಯಾವ ಮಾಲಿಗೂ ತಿಳಿದಿರಲಿಲ್ಲ. ತಮಾಷೆಯೆಂದರೆ, ಅವರು ಒಮ್ಮೆಯೂ ಹೂದೋಟ ನೋಡಲು ಹೊರಟವರಲ್ಲ. ಪ್ರತಿ ಸಲವೂ ಹೊರಟದ್ದು ಹುಲಿ ನೋಡಲು!

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಗಿರಣಿಯೊಂದರ ಆಫೀಸಿನಲ್ಲಿ ಕಾರಕೂನ, ಮಾಟುಂಗದ ಚಾಳಿನಲ್ಲಿ ಒಂದೇ ಕೋಣೆ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನೂ ಆಗಷ್ಟೇ ನೌಕರಿ ಹಿಡಿದು ಪಕ್ಕದ ಬಿಲ್ಡಿಂಗಿನ ಮೆಸ್ಸಿನಲ್ಲಿದ್ದೆ. ಹೊಸದಾಗಿ ಮದುವೆಯಾಗಿ ಬಂದ ಕಾಕು ವಿಜಾಪುರದ ಕಡೆಯವರು. ಕಣ್ಣು ಹಾಯುವಷ್ಟು ದೂರ ಬಯಲು ಕಂಡವರಿಗೆ ಇಲ್ಲಿಯ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರು ಮನೆಯವರ ಒಗೆದ ಧೋತರ ಮಾತ್ರ. ಆರು ತಿಂಗಳು ಸಹಿಸಿದರು. ಏಳನೆಯ ತಿಂಗಳು ಟ್ರಂಕು ತುಂಬಿಟ್ಟರು.

"ಮುಂದಿನ ತಿಂಗಳ ಅಣ್ಣ ಬಂದು ಕರಕೊಂಡ ಹೋಗ್ತಾನ. ನನಗ ಉಸರ ಕಟ್ಟತದ. ಏನದ ರೀ ಈ ಊರಾಗ?"

ಕಾಕಾಗೆ ಹೊಳೆದದ್ದು ಅದೊಂದೇ ಇರಬೇಕು. "ಹುಲಿ ಅದ," ಎಂದುಬಿಟ್ಟರು. "ಬೋರಿವಲಿ ಕಾಡಿನಾಗ. ನಮ್ಮ ಆಫೀಸಿನವರು ನೋಡ್ಯಾರ."

ಕಾಕು ಟ್ರಂಕಿಗೆ ಕೀಲಿ ಹಾಕುತ್ತ ಶಾಂತವಾಗಿ ಹೇಳಿದರು: "ಅಣ್ಣ ಬರೂದರಾಗ ತೋರಸ್ರಿ. ಇರ್ತೀನಿ."

ನಾಲ್ಕೇ ಭಾನುವಾರಗಳ ಗಡುವು! ಕಾಕಾ ಮೂಲೆಯ ಉಡುಪಿ ಹೋಟೆಲಿನ ಮಾಲೀಕರ ಮುದಿ ಕಾರಿಗೆ ಗಂಟುಬಿದ್ದರು. ಅವರ ಇಂಗ್ಲಿಷ್ ಕಾಗದಗಳನ್ನೆಲ್ಲ ಬರೆದುಕೊಡುತ್ತಿದ್ದವರು ಕಾಕಾ ತಾನೆ. "ಕೊಂಡು ಹೋಗಿ ಮಾರಾಯ್ರೆ, ಐದು ಗಂಟೆಗೆ ತರಕಾರಿಗೆ ಬೇಕು," ಎಂದರು ಮಾಲೀಕರು. ವಾರವಿಡೀ ಕೊತ್ತಂಬರಿ ಹೊತ್ತ ಆ ಕಾರಿನಲ್ಲಿ ಕೂತು ಇಳಿದರೆ ನಮ್ಮನ್ನೇ ಒಗ್ಗರಣೆಗೆ ಹಾಕಬಹುದಿತ್ತು.

ಬೋರಿವಲಿ ಕಾಡಿನ ಗೇಟಿನಲ್ಲಿ ಕಾಕಾ ಕಾವಲುಗಾರನನ್ನು ಗತ್ತಿನಿಂದ ಕೇಳಿದರು: "ಬಾಗ್ ಕಿದರ್ ಹೈ?"

"ಸೀಧಾ ಜಾವ್," ಎಂದು ಅವನು ಕೈ ತೋರಿಸಿದ. "ಲೇಕಿನ್ ಹಾತ್ ನಹೀ ಲಗಾನೇಕಾ."

ಕಾಕಾರ ಮುಖ ಬಿಳಿಚಿತು. "ಮುಟ್ಟಬ್ಯಾಡ್ರಿ ಅನ್ನಾಕತ್ತಾನ," ಎಂದು ನಮಗೆ ಪಿಸುಗುಟ್ಟಿದರು. ಮುಟ್ಟುವಷ್ಟು ಹತ್ತಿರ ಬಿಡುತ್ತಾರೆಯೇ? ಕಾವಲುಗಾರ ಮುಂದುವರಿಸಿ, ಬೆಳಿಗ್ಗೆಯೇ ನೀರು ಹಾಕಿದ್ದೇವೆ ಎಂದ. ಕಾಕಾ ಅದನ್ನೂ ಕಾಕೂಗೆ ತಿಳಿಸಿದರು: "ಮುಂಜಾನೆ ನೀರ ಕುಡಿಸ್ಯಾರಂತ. ಅಂದರ ಶಾಂತ ಇರತದ." ಮೂವರೂ ತುದಿಗಾಲಿನಲ್ಲಿ ನಡೆದೆವು. ಎದುರಿಗೆ ನಾಲ್ಕು ಸಾಲು ಗುಲಾಬಿ ಗಿಡ.

"ಈಗ ಇಲ್ಲೇ ಇತ್ತು, ಎದ್ದು ಹೋಗೇದ," ಎಂದರು ಕಾಕಾ.

ನನಗೆ ಗುಟ್ಟು ತಿಳಿದದ್ದು ಎರಡನೆಯ ಭಾನುವಾರ. ಹಿಂದಿಯಲ್ಲಿ ಬಾಘ್ ಎಂದರೆ ಹುಲಿ, ಬಾಗ್ ಎಂದರೆ ತೋಟ. ನಮ್ಮ ಕಾಕಾರ ನಾಲಗೆಗೆ ಮಹಾಪ್ರಾಣ ಒಗ್ಗಿದ್ದೇ ಇಲ್ಲ. ಅವರಿಗೆ ಘಾಟಕೋಪರ ಗಾಟಕೋಪರ, ಭಾನುವಾರ ಬಾನುವಾರ. ಅಂಥ ಮಹಾಪ್ರಾಣಿಯನ್ನು ಅಲ್ಪಪ್ರಾಣದಲ್ಲಿ ಕೇಳಿದರೆ ಜನ ಪಾಪ ಏನು ಮಾಡಿಯಾರು? ಹೇಳೋಣವೆಂದರೆ ಹಿಂದಿಯ ಎರಡು ಪರೀಕ್ಷೆ ಪಾಸಾದ ಮನುಷ್ಯ. ಬರೆಯುವಾಗ ಎಲ್ಲ ಸರಿಯಾಗಿಯೇ ಬರೆದಿದ್ದರು! ಸುಮ್ಮನಾದೆ.

ಆ ದಿನ ಜೋಗೇಶ್ವರಿಯಲ್ಲಿ ಕಾರು ಹೊಗೆಯಾಡಿ ನಿಂತಿತು. ಕುಡಿಯಲು ತಂದ ನೀರನ್ನೆಲ್ಲ ಅದಕ್ಕೇ ಕುಡಿಸಿ, ಬಾಯಾರಿಕೊಂಡು ಗೋರೆಗಾಂವದ ಕಡೆ ಹೋಗಿ ದಾಸವಾಳ ನೋಡಿ ಬಂದೆವು. ಮೂರನೆಯ ವಾರ ವಿಹಾರ ಕೆರೆಯ ಹತ್ತಿರ ಮಾಲಿಯೊಬ್ಬ, ದೊಡ್ಡದು ಬೇಕೋ ಚಿಕ್ಕದೋ ಎಂದು ಕೇಳಿದ. ಕಾಕಾ ನನ್ನ ಕಡೆ ತಿರುಗಿ, "ಮರಿ ನೋಡಿದರೂ ನೋಡಿದಾಂಗನ ಅಲ್ಲೇನೋ?" ಎಂದು ಕೇಳಿ, "ಚೋಟಾ," ಎಂದರು. ಅವನು ಕರೆದೊಯ್ದದ್ದು ಮಕ್ಕಳ ಜೋಕಾಲಿಯ ತೋಟಕ್ಕೆ. ಕಾಕು ಸೆರಗು ಬಾಯಿಗೆ ಹಿಡಿದು ಜೋಕಾಲಿಯ ಮೇಲೆ ಕೂತೇಬಿಟ್ಟರು.

ನಾಲ್ಕನೆಯ ಭಾನುವಾರ ಮತ್ತೆ ಬೋರಿವಲಿ ಕಾಡು, ಕಾನ್ಹೇರಿ ಗವಿಗಳು. ಬರುವ ಶುಕ್ರವಾರ ಅಣ್ಣ ವಿಜಾಪುರದಲ್ಲಿ ರೈಲು ಹತ್ತುವವನಿದ್ದ. ಕಾಕಾ ಅಂದು ಯಾರನ್ನೂ ಏನೂ ಕೇಳಲಿಲ್ಲ. ಬಂಡೆಯ ಮೇಲೆ ಕೂತು ತಲೆ ತಗ್ಗಿಸಿದರು. ನಾನು ಕೆತ್ತನೆ ನೋಡುವವನಂತೆ ನಟಿಸುತ್ತ ಕಿವಿ ಇಲ್ಲಿಟ್ಟಿದ್ದೆ.

"ನಾ ಸುಳ್ಳ ಹೇಳಿದ್ದೆ. ಯಾರೂ ಹುಲಿ ನೋಡಿಲ್ಲ," ಎಂದರು. "ಆಫೀಸಿನಿಂದ ಬರೂ ಹೊತ್ತಿಗೆ ನೀ ಬಾಗಲದಾಗ ನಿಂತಿರ್ತಿ. ಅದು ರೂಡಿ ಆಗಿಬಿಟ್ಟದ. ನೀ ಇಲ್ದ ಆ ಕೋಣ್ಯಾಗ ನನಗ ಇರಲಿಕ್ಕೆ ಆಗೂದಿಲ್ಲ."

ಕಾಕು ಬುತ್ತಿ ಬಿಚ್ಚಿದರು. "ರೊಟ್ಟಿ ತಿನ್ರಿ, ಒಣಗತಾವ," ಎಂದಷ್ಟೇ ಹೇಳಿದರು.

ಸಂಜೆ ಕಾಕಾ ಕಾರು ಒಪ್ಪಿಸಲು ಹೋಟೆಲಿಗೆ ಹೋದಾಗ ಕಾಕು ನನ್ನ ಮುಂದೆ ಒಂದು ಕಾರ್ಡು ಇಟ್ಟರು. "ವಿಜಾಪುರಕ್ಕ ನಮ್ಮ ಅಪ್ಪಾಗ ಕಾಗದ ಬರಿ. ನಾ ಸೊಲ್ಲಾಪುರದಾಗ ಅಜ್ಜಿ ಮನ್ಯಾಗ ಮರಾಠಿ ಸಾಲಿ ಕಲಿತಾಕಿ, ನನಗ ಕನ್ನಡ ಬರ್ಯಾಕ ಬರೂದಿಲ್ಲ."

ಮರಾಠಿಯಲ್ಲೂ ಹುಲಿಗೆ ವಾಘ, ತೋಟಕ್ಕೆ ಬಾಗ. ನನಗೆ ತಟ್ಟನೆ ಹೊಳೆಯಿತು. "ಹಂಗಾರ ಕಾಕು, ಕಾಕಾ ಕೇಳಿದ್ದು..."

"ಮೊದಲನೇ ದಿನಾನ ಗೊತ್ತಾತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ದರ ಅವತ್ತ ಮುಗೀತಿತ್ತಲ್ಲ," ಎಂದು ಕಾಕು ಕಿಟಕಿಯ ಕಡೆ ಮುಖ ತಿರುಗಿಸಿದರು. "ಬರಿ. ಹುಲಿ ನೋಡಿದೆ. ಭಾಳ ಸಾಧು ಅದ. ಬಿಟ್ಟು ಬರಲಿಕ್ಕೆ ಮನಸ್ಸಾಗವಲ್ದು. ಅಣ್ಣಗ ಬರೂದು ಬ್ಯಾಡ ಅಂತ ಹೇಳ್ರಿ."