ಡಂಪ್ಲಿಂಗಿನ ತಳ ಹಿಡಿದ ಪ್ರಕರಣ

ಎಣ್ಣೆಯಲ್ಲಿ ಬೆಂದದ್ದೆಲ್ಲ ಎಣ್ಣೆ ಶಾಖೆಗೆ, ಹಬೆಯಲ್ಲಿ ಬೆಂದದ್ದೆಲ್ಲ ಹಬೆ ಶಾಖೆಗೆ ಸೇರತಕ್ಕದ್ದೆಂದು ಗೃಹಪಾಕ ಪ್ರಾಧಿಕಾರದ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಮನೆಯಲ್ಲಿ ಹೊಸ ತಿಂಡಿ ಮಾಡುವವರು ಒಲೆ ಹಚ್ಚುವ ಮುನ್ನ ಸಂಬಂಧಪಟ್ಟ ಶಾಖೆಯ ಅಪ್ಪಣೆ ಪಡೆಯಬೇಕು. ನಾಗರಿಕರು ಇದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಅಪ್ಪಣೆಗೆ ಮೊದಲೇ ಹಸಿವಾದರೆ ನಾಚಿಕೊಳ್ಳುತ್ತಿದ್ದರು. ಎರಡೂ ಶಾಖೆಗಳು ಒಂದೇ ಕಟ್ಟಡದಲ್ಲಿದ್ದವು. ಮಧ್ಯದ ಕಿಟಕಿ ಯಾರ ಕೋಣೆಗೆ ಸೇರಬೇಕೆಂಬ ವಿಷಯದಲ್ಲಿ ಮುನಿಸಿಕೊಂಡು ಅವುಗಳ ಮುಖ್ಯಸ್ಥರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಹಾಗಾಗಿ ಆಡಳಿತ ಸುಗಮವಾಗಿ ನಡೆಯುತ್ತಿತ್ತು.

ಇಂಥ ಸುಭಿಕ್ಷ ಕಾಲದಲ್ಲಿ ದರ್ಜಿಯಮ್ಮನಿಗೆ ಮನೆಯಲ್ಲೇ ಚೀನೀ ಡಂಪ್ಲಿಂಗ್ ಎಂಬ ಹೂರಣದ ಕಡುಬು ಮಾಡುವ ದುರ್ಬುದ್ಧಿ ಬಂತು.

ಅವಳ ತಂಗಿ ಹಡಗಿನಲ್ಲಿ ದಾದಿ. ಹಡಗು ವರ್ಷಕ್ಕೊಮ್ಮೆ ಬಂದರಿಗೆ ಬಂದಾಗ ಒಂದು ಹೊತ್ತಿನ ಮಟ್ಟಿಗೆ ಅಕ್ಕನ ಮನೆಗೆ ಬಂದು ಹೋಗುವವಳು. "ಕಂಡ ಕಂಡ ಊರಲ್ಲೆಲ್ಲ ಅದನ್ನ ತಿಂದಿದ್ದೀನಿ ಅಕ್ಕಾ. ನಿನ್ನ ಕೈಯಿಂದ ಒಂದ್ಸಲ ತಿನ್ನಬೇಕು" ಎಂದು ಫೋನಿನಲ್ಲಿ ಹೇಳಿದ್ದಳು. ಅಷ್ಟು ಸಾಕಾಯಿತು. ದರ್ಜಿಯಮ್ಮ ಮೊಬೈಲಿನಲ್ಲಿ ನೋಡಿ ನೋಡಿ ಕಲಿತಳು. ರವಿಕೆಯ ಅಸ್ತರು ಕತ್ತರಿಸಿ ಉಳಿದ ಚೂರುಗಳ ಮೇಲೆ ನೆರಿಗೆ ಹಿಡಿದು ಅಭ್ಯಾಸ ಮಾಡಿದಳು. ಆಮೇಲೆ ಪ್ರಾಧಿಕಾರಕ್ಕೆ ಹೋದಳು.

"ಎಣ್ಣೆಯೋ, ಹಬೆಯೋ?" ಗುಮಾಸ್ತ ತಲೆ ಎತ್ತದೆ ಕೇಳಿದ.

"ಮೊದಲು ಎಣ್ಣೆ ಹಾಕಿ ತಳ ಹುರಿಯೋದು ಸಾರ್. ಆಮೇಲೆ ಅದೇ ಬಾಣಲೆಗೆ ನೀರು ಹಾಕಿ ಮುಚ್ಚೋದು. ಮೇಲ್ಭಾಗ ಹಬೇಲಿ ಬೇಯುತ್ತೆ."

ಗುಮಾಸ್ತ ತಲೆ ಎತ್ತಿದ. "ಒಂದೇ ತಿಂಡಿಗೆ ಎರಡು ಶಾಖೆನಾ? ಸಂಸಾರಸ್ಥರು ಮಾಡೋ ಕೆಲಸಾನಾ ಇದು?"

ಅರ್ಜಿ ಎಣ್ಣೆ ಶಾಖೆಗೆ ಹೋಯಿತು. ಮೇಲ್ಭಾಗ ತಮ್ಮದಲ್ಲವೆಂದು ಅವರು ಹಬೆ ಶಾಖೆಗೆ ಕಳಿಸಿದರು. ತಳ ತಮ್ಮದಲ್ಲವೆಂದು ಇವರು ವಾಪಸು ಕಳಿಸಿದರು. ಕೊನೆಗೆ ಕಡತವೇ ತಳ ಹಿಡಿಯಿತು. ದರ್ಜಿಯಮ್ಮ ಬಿಡದೆ ಹೋಗಿ ಹೋಗಿ ಕೆದಕಿದ್ದರಿಂದ ಆದೇಶ ಹೊರಬಿತ್ತು: "ಸದರಿ ಹೂರಣಗರ್ಭಿತ ನೆರಿಗೆಯುಕ್ತ ಹಿಟ್ಟಿನ ಘಟಕಗಳನ್ನು, ತಂಗಿಗೆ ತಿನ್ನಿಸುವ ಏಕೈಕ ಉದ್ದೇಶಕ್ಕಾಗಿ, ಉಭಯ ಶಾಖೆಗಳ ಮುಖ್ಯಸ್ಥರ ಸಮಕ್ಷಮದಲ್ಲಿ ತಯಾರಿಸತಕ್ಕದ್ದು. ಉದ್ದೇಶ ಈಡೇರದಿದ್ದಲ್ಲಿ ಒಲೆಗೆ ಬೀಗಮುದ್ರೆ ಹಾಕಲಾಗುವುದು."

ತಂಗಿ ಬಂದ ದಿನ ಮುಖ್ಯಸ್ಥರಿಬ್ಬರೂ ಬಂದರು. ಹೊಲಿಗೆ ಯಂತ್ರವನ್ನು ಪಕ್ಕಕ್ಕೆ ತಳ್ಳಿಸಿ, ಒಲೆಯ ಆಚೀಚೆ ಕುರ್ಚಿ ಹಾಕಿಸಿಕೊಂಡು, ಒಬ್ಬರಿಗೊಬ್ಬರು ಮುಖ ತಿರುಗಿಸಿ ಕುಳಿತರು. ತಂಗಿ ಹಡಗಿನ ತಿಂಡಿ ಬಿಟ್ಟು ಖಾಲಿ ಹೊಟ್ಟೆಯಲ್ಲಿ ಬಂದಿದ್ದಳು. ದರ್ಜಿಯಮ್ಮ ಬಿಸಿನೀರಲ್ಲಿ ನಾದಿದ ಮೈದಾವನ್ನು ಒದ್ದೆ ಬಟ್ಟೆಯಿಂದ ಹೊರತೆಗೆದು, ಅಂಚು ತೆಳ್ಳಗೆ ನಡು ದಪ್ಪಗೆ ಲಟ್ಟಿಸಿದಳು. ಉಪ್ಪು ಹಚ್ಚಿ ಹಿಂಡಿದ ಎಲೆಕೋಸು, ಅಣಬೆ, ಶುಂಠಿ ಕಲಸಿಟ್ಟದ್ದನ್ನು ತುಂಬಿ ನೆರಿಗೆ ಹಿಡಿದಳು. ಎಣ್ಣೆ ಕಾದ ಬಾಣಲೆಯಲ್ಲಿ ಸುತ್ತಲೂ ಜೋಡಿಸಿದಳು. ತಳ ಕೆಂಪಗಾದದ್ದೇ ನೀರಿನ ಲೋಟ ಎತ್ತಿದಳು.

"ನಿಲ್ಲಿ!" ಎಂದರು ಎಣ್ಣೆ ಮುಖ್ಯಸ್ಥರು. "ನೀರು ಬಿದ್ರೆ ಹಬೆ ಶಾಖೆ. ನಾನು ಅಧಿಕಾರ ವಹಿಸಿಕೊಡದೆ ನೀರು ಹಾಕೋ ಹಾಗಿಲ್ಲ."

ಹಬೆ ಮುಖ್ಯಸ್ಥರು ಸೂರು ನೋಡುತ್ತಾ, "ಬಾಣಲೆ ಸುಸ್ಥಿತೀಲಿದೆ ಅಂತ ಬರೆದುಕೊಡೋಕೆ ಹೇಳಮ್ಮ ಅವರಿಗೆ" ಎಂದರು.

"ಸಾರ್, ತಳ ಹಿಡೀತಿದೆ!"

"ಹಿಡೀಲಿ. ಕ್ರಮ ಅಂದ್ರೆ ಕ್ರಮ."

ಸಹಿ, ಮೊಹರು ಮುಗಿಯುವಷ್ಟರಲ್ಲಿ ಮೊದಲ ಸರದಿ ಇದ್ದಿಲಾಗಿತ್ತು. 'ವಹಿಸಿಕೊಳ್ಳುವಾಗ ಕಪ್ಪಗಿದ್ದವು' ಎಂದು ಹಬೆ ಶಾಖೆ ದಾಖಲಿಸಿಕೊಂಡಿತು.

ಎರಡನೇ ಸರದಿಗೆ ದರ್ಜಿಯಮ್ಮ ಅಧಿಕಾರಿಗಳ ವೇಗಕ್ಕೆ ತಕ್ಕಂತೆ ಉರಿ ಸಣ್ಣಗಿಟ್ಟಳು. ಮುಚ್ಚಳ ತೆಗೆದಾಗ ಘಮಘಮ ಎಂದಿತು. ತಳ ಜೇನುಬಣ್ಣ, ಮೇಲೆ ಹೂರಣ ಕಾಣುವಷ್ಟು ನವಿರು. ಅವಳಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ತಂಗಿ ತಟ್ಟೆ ಎಳೆದುಕೊಂಡಳು.

"ಪರೀಕ್ಷೆಗೆ ಮಾದರಿ!" ಎಂದರು ಮುಖ್ಯಸ್ಥರಿಬ್ಬರೂ ಒಕ್ಕೊರಲಿನಿಂದ.

ವ್ಯಾಪ್ತಿಗೆ ಅನುಗುಣವಾಗಿ ಪ್ರತಿಯೊಂದನ್ನೂ ಅಡ್ಡಡ್ಡ ಕೊಯ್ಯಲಾಯಿತು. ತಳವೆಲ್ಲ ಎಣ್ಣೆ ಶಾಖೆಗೆ ಹೋಯಿತು, ಮೇಲ್ಭಾಗವೆಲ್ಲ ಹಬೆ ಶಾಖೆಗೆ. ಹೂರಣ ಮಾತ್ರ ಯಾರದೂ ಅಲ್ಲವೆಂದು ತಿಳಿದು ತಂಗಿ ಮೆಲ್ಲಗೆ ಕೈ ಚಾಚಿದಳು.

"ವಿವಾದಿತ ವಸ್ತು, ಮುಟ್ಟಬೇಡೀಮ್ಮ. ಜಂಟಿಯಾಗಿ ವಿಲೇವಾರಿ ಮಾಡ್ತೀವಿ" ಎಂದು ಎಣ್ಣೆ ಮುಖ್ಯಸ್ಥರು ಚಮಚ ಕೇಳಿದರು. ಸ್ವಲ್ಪ ಹೊತ್ತು ಬರೀ ಚಪ್ಪರಿಸುವ ಸದ್ದು. ಆಮೇಲೆ ವರ್ಷಗಳ ಮೌನ ಮುರಿಯಿತು.

"ನಿಮ್ಮ ತಳ ಹೇಗಿದೆ?"

"ಗರಿಗರಿ. ನಿಮ್ಮ ಮೇಲ್ಭಾಗ?"

"ಬೆಣ್ಣೆ. ಅಂದ ಹಾಗೆ, ಆ ಕಿಟಕಿ ನೀವೇ ಇಟ್ಕೊಳ್ಳಿ."

"ಛೆ ಛೆ, ನೀವೇ ಇಟ್ಕೊಳ್ಳಿ."

ಬಾಗಿಲಲ್ಲಿ ಗುಂಪುಗೂಡಿದ್ದ ನೆರೆಹೊರೆಯವರು ಈ ದೃಶ್ಯಕ್ಕೆ ಕರಗಿ ಚಪ್ಪಾಳೆ ತಟ್ಟಿದರು. ಹಿಟ್ಟು ಅಷ್ಟರಲ್ಲಿ ಮುಗಿದಿತ್ತು.

"ಇನ್ನು ಉದ್ದೇಶ" ಎಂದರು ಹಬೆ ಮುಖ್ಯಸ್ಥರು, ಬಾಯಿ ಒರೆಸಿಕೊಂಡು ಪ್ರಮಾಣಪತ್ರ ಬರೆಯುತ್ತಾ. "ತಂಗಿ ತಿಂದ್ರು ತಾನೆ?"

"ಎಲ್ಲಿ ಸಾರ್? ತಟ್ಟೆ ಖಾಲಿ."

"ತಟ್ಟೆ ಖಾಲಿ ಅಂದ್ರೆ ತಿಂದಾಯ್ತು ಅಂತಾನೇ ಅಲ್ವೇ? ತಿಂದಿಲ್ಲ ಅಂದ್ರೆ ಹೇಳಿ, ಬೀಗಮುದ್ರೆ ಬ್ಯಾಗಲ್ಲೇ ಇದೆ."

ತಂಗಿ ಅಕ್ಕನ ಮುಖ ನೋಡಿದಳು, ಒಲೆ ನೋಡಿದಳು, 'ತಿಂದಿದ್ದೇನೆ' ಎಂಬುದರ ಕೆಳಗೆ ಸಹಿ ಹಾಕಿ ತನ್ನ ಪ್ರತಿ ಮಡಿಸಿಟ್ಟುಕೊಂಡಳು. ಮುಖ್ಯಸ್ಥರಿಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಮೆಟ್ಟಿಲಿಳಿದರು.

ಬಂದರಿನಿಂದ ಹಡಗಿನ ಕೂಗು ಕೇಳಿಸಿತು. ತಂಗಿ ಚಪ್ಪಲಿ ಮೆಟ್ಟಿಕೊಂಡಳು. ಕೇಳಬಾರದೆಂದುಕೊಂಡಿದ್ದರೂ ದರ್ಜಿಯಮ್ಮನಿಗೆ ಬಾಯಿ ತಡೆಯಲಿಲ್ಲ.

"ಹೇಗಿತ್ತೇ?"

ತಂಗಿ ಪ್ರಮಾಣಪತ್ರ ಬಿಡಿಸಿ ಇನ್ನೊಮ್ಮೆ ಓದಿದಳು.

"ತುಂಬಾ ಚೆನ್ನಾಗಿತ್ತಕ್ಕ. ಉಪ್ಪು ಮಾತ್ರ ಒಂಚೂರು ಕಮ್ಮಿ."

"ಹೌದಾ? ಮುಂದಿನ ವರ್ಷ ಸರಿ ಮಾಡ್ತೀನಿ" ಎಂದಳು ದರ್ಜಿಯಮ್ಮ. "ನೀರು ಕುಡ್ಕೊಂಡು ಹೋಗು. ಅವಸರದಲ್ಲಿ ತಿಂದಿದ್ದೀಯ, ಗಂಟಲಲ್ಲಿ ಸಿಕ್ಕೀತು."