ಬೆತ್ತದ ಕುರ್ಚಿ ಗದ್ದುಗೆಯಾದದ್ದು

ನಮ್ಮ ಮನೆಯಲ್ಲಿ ನನ್ನದೆಂದು ಇದ್ದ ಸಾಮ್ರಾಜ್ಯ ಒಂದೇ: ಕಿಟಕಿ ಪಕ್ಕದ ಬೆತ್ತದ ಕುರ್ಚಿ. ಈಗ ಅದೂ ದೇವರ ಪಾದ ಸೇರಿತು. (ತೀರಿಕೊಂಡವರ ಬಗ್ಗೆ ಹೀಗೆ ಹೇಳುತ್ತಾರೆಂದು ಗೊತ್ತು. ನನ್ನ ದುಃಖವೂ ಆ ಮಟ್ಟದ್ದೇ.)

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಆ ಕುರ್ಚಿಯ ಮೇಲೆ ಮಾತ್ರ. ನನ್ನ ಹೆಂಡತಿ ಶಶಿರೇಖಾ ಸಂಜೆ ಹೊತ್ತು ವಿಡಿಯೊ ಕಾಲಿನಲ್ಲಿ ನಡೆಸುವ ಭಜನಾ ಸಂಘಕ್ಕೆ ಅದೇ ಪೀಠ: ಫೋನು ಕುರ್ಚಿಯ ಮೇಲೆ, ಅವಳು ಎದುರಿಗೆ ನೆಲದ ಮೇಲೆ. ಮೊದಮೊದಲು ಭಜನೆ ಮುಗಿದ ಮೇಲೆ ನಾನು ಪಟ್ಟವೇರುತ್ತಿದ್ದೆ. ಒಂದು ದಿನ ಸಂಘದ ಹಿರಿಯರಾದ, ಕಾಡಂಚಿನ ಮದ್ದೂರು ಹಳ್ಳಿಯ ಕರಿಬಸಮ್ಮನವರು ಫೋನಿನೊಳಗಿಂದಲೇ, "ದಿನಾ ಮಂಗಳಾರತಿ ಆಗೋ ಜಾಗ ಗದ್ದುಗೆ ಕಣಮ್ಮಿ. ಅಲ್ಲಿ ಯಾರೂ ಕುಂತ್ಕಬಾರ್ದು" ಎಂದು ಅಪ್ಪಣೆ ಕೊಡಿಸಿದರು. ಕುರ್ಚಿಗೆ ಮಡಿಬಟ್ಟೆ ಬಂತು, ವಿಭೂತಿ ಬಂತು. ನಾನು ಜಗಲಿಗೆ ಗಡೀಪಾರಾದೆ. ಗೋಪಾಲಸ್ವಾಮಿ ಬೆಟ್ಟದ ಚಳಿಗಾಳಿ ನನ್ನ ಮೂಳೆಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಂಡಿತು.

ಸಂಘವನ್ನೇ ನಿಲ್ಲಿಸಬಹುದಿತ್ತು. ಆದರೆ ಕರಿಬಸಮ್ಮ ಒಂಟಿ ಜೀವ. ಆನೆ ಭಯಕ್ಕೆ ಕತ್ತಲಾಗುವ ಮೊದಲೇ ಬಾಗಿಲು ಹಾಕಿಕೊಂಡರೆ, ಬೆಳಗಿನವರೆಗೆ ಆಕೆಗೆ ಕೇಳುವ ಮನುಷ್ಯರ ದನಿ ಈ ಭಜನೆಯದೊಂದೇ. ಅಷ್ಟು ಕಟುಕ ನಾನಲ್ಲ. ನನಗೆ ಬೇಕಾದದ್ದು ಕುರ್ಚಿ.

ಚಾಮರಾಜನಗರಕ್ಕೆ ಹೋಗಿ ಲಾಯರ್ ಪುಟ್ಟಮಲ್ಲಪ್ಪನವರ ಮುಂದೆ ಗೋಳಾಡಿಕೊಂಡೆ.

"ಸಂಘ ರಿಜಿಸ್ಟ್ರು ಆಗಿ ಅದಾ?" ಎಂದರು.

"ಇಲ್ಲ."

"ಅಂಗಾದ್ರೆ ಕಾನೂನಿನ ಕಣ್ಗೆ ಅದು ಇಲ್ವೇ ಇಲ್ಲ ಕಣ್ರೀ ಸ್ವಾಮೇರೆ. ಇಲ್ದೇ ಇರೋದ್ರ ಮೇಲೆ ಕೇಸ್ ಹಾಕದೆಂಗೆ?"

"ಇಲ್ಲದೇ ಇರೋದು ನನ್ನ ಕುರ್ಚಿ ಮೇಲೆ ಹೇಗ್ರೀ ಕೂತದೆ?"

"ದೇವ್ರೂ ಅಂಗೇ ಅಲ್ವ್ರಾ? ಬೇಕಾದ್ರೆ ಮೆಂಬರುಗಳ ಮೇಲೆ ಒಬ್ಬೊಬ್ರಾಗಿ ಹಾಕನ. ಮೊದಲ್ನೇ ಹೆಸ್ರು ನಿಮ್ಮ ಮನೆಯೋರ್ದೇ ಬತ್ತದೆ."

ನನಗೆ ರಾತ್ರಿಯ ಊಟ ಬೇಕಾಗಿತ್ತು. ಎದ್ದು ಬಂದೆ.

ಬಸ್ಸಿನಲ್ಲಿ ಜ್ಞಾನೋದಯವಾಯಿತು. ಸಂಘಕ್ಕೆ ಮೊದಲು ಜೀವ ಕೊಡುವುದು, ಆಮೇಲೆ ಹೆಂಡತಿಯ ಹೆಸರಿಲ್ಲದೆ ಅದರ ಮೇಲೇ ಕೇಸು ಹಾಕುವುದು! ದ್ರೋಣನನ್ನು ಕೊಲ್ಲಲು ದ್ರುಪದ ಯಾಗ ಮಾಡಿ ಮಗನನ್ನು ಪಡೆದ. ನಾನು ಕುರ್ಚಿಗಾಗಿ ವೈರಿಯನ್ನೇ ಹಡೆಯಲು ಸಿದ್ಧನಾದೆ.

"ಶಶಿ, ನಿಮ್ಮ ಸಂಘಕ್ಕೆ ಮಾನ್ಯತೆ ಇಲ್ಲವಂತೆ. ನಾನೇ ಓಡಾಡಿ ರಿಜಿಸ್ಟ್ರೇಷನ್ ಮಾಡಿಸ್ತೀನಿ."

"ಏನ್ರೀ ಮಸಲತ್ತು?"

"ಭಕ್ತಿ."

"ಓಗಿ ಓಗಿ! ಈಬತ್ತಿ ಇಟ್ಕಳಿ ಅಂದ್ರೆ ಹಣೆ ಕಡೀತದೆ ಅನ್ನೋರು!" ಎಂದಳು. ಆದರೆ ಅವಳ ಕಣ್ಣು ಒದ್ದೆಯಾಗಿತ್ತು. ಮದುವೆಯಾದಾಗಿನಿಂದ ನನ್ನ ಮಾತಿಗೆ ಆ ಕಣ್ಣು ಸಂತೋಷದಿಂದ ಒದ್ದೆಯಾದದ್ದು ಅದೇ ಮೊದಲು. ನನಗೆ ಒಳಗೊಳಗೇ ಕಸಿವಿಸಿಯಾಯಿತು. (ಚಳಿಗಾಳಿ ಬೀಸಿತು, ಕಸಿವಿಸಿ ಹೋಯಿತು.)

ಬೈಲಾ ಬರೆಸಿದೆ, ಕಚೇರಿಯ ಮೆಟ್ಟಿಲು ಸವೆಸಿದೆ. ನನ್ನ ಓಡಾಟಕ್ಕೆ ಮರುಗಿದ ಕರಿಬಸಮ್ಮ ಒಂದು ಸಂಜೆ, "ಪಾಪ, ಎಲ್ಲಾ ಅವ್ರೇ ಮಾಡ್ತಾವ್ರೆ. ಅವ್ರನ್ನೇ ಕಾರ್ಯದರ್ಶಿ ಮಾಡ್ಬುಡನ" ಎಂದರು. ಫೋನಿನ ತುಂಬ ಕೈಗಳು ಮೇಲೆದ್ದವು. ಹೆಂಗಸರೆಲ್ಲ ಒಟ್ಟಾಗಿ ನನ್ನನ್ನು ಹೊಗಳಿದ್ದು ಅದೇ ಮೊದಲಾದ್ದರಿಂದ ನಾನೂ ಕೈಮುಗಿದುಬಿಟ್ಟೆ.

ಕೊನೆಗೆ ಸಂಘ ಕಾನೂನುಬದ್ಧವಾಗಿ ಹುಟ್ಟಿತು. ಮರುದಿನವೇ ಲಾಯರ ಮುಂದೆ ಪ್ರತ್ಯಕ್ಷನಾದೆ. "ಈಗ ಹಾಕಿ ಕೇಸು!"

"ಧಾರಾಳವಾಗಿ. ಸಂಘದ ಮೇಲೆ ಅಂದ್ರೆ ಕಾರ್ಯದರ್ಶಿ ಹೆಸ್ರಲ್ಲಿ ಹಾಕನ. ಸಮನ್ಸು ಅವ್ರಿಗೇ ಓಗ್ತದೆ. ಯಾರು ಕಾರ್ಯದರ್ಶಿ?"

ನಾನು ಬೆರಳಿನಿಂದ ನನ್ನ ಎದೆಯನ್ನೇ ತೋರಿಸಿದೆ. ಪುಟ್ಟಮಲ್ಲಪ್ಪನವರು ನನ್ನ ಮುಖ ನೋಡಿ, ಕನ್ನಡಕ ತೆಗೆದು, ನಿಧಾನವಾಗಿ ಒರೆಸಿಕೊಂಡರು.

"ಅಯ್ಯೋ ಶಿವನೇ! ಸ್ವಾಮೇರೆ, ನಿಮ್ಮ ಮೇಲೆ ನೀವೇ ಗೆದ್ರೂ, ಸೋಲೋರು ನೀವೇ ಅಲ್ವ್ರಾ?"

ಮನೆಗೆ ಬರುವಾಗ ಮಂಜು ಇಳಿದಿತ್ತು. ಜಗಲಿಕಲ್ಲು ಒದ್ದೆಯಾಗಿ ಕೂರುವಂತಿರಲಿಲ್ಲ. ಕಂಬಕ್ಕೊರಗಿ ನಿಂತೆ. ಕಿಟಕಿಯೊಳಗೆ ನನ್ನ ಕುರ್ಚಿ ಹೂವು ಮುಡಿದು ಕೂತಿತ್ತು.

"ಮಂಗಳಾರತಿ! ಎಲ್ರೂ ಎದ್ ನಿಂತ್ಕಳಿ!" ಎಂದಳು ಶಶಿರೇಖಾ.

ಸಂಘದಲ್ಲಿ ಆಗಲೇ ಎದ್ದು ನಿಂತಿದ್ದವನು ಕಾರ್ಯದರ್ಶಿ ಒಬ್ಬನೇ.